ಹಾಡುಗಾರರ ನಕ್ಷೆ ಹಿಡಿದು ಹೊಸ ಹಾಡು ಹುಡುಕೋದು

ಹಿಂದಿನ ಎರಡು ಟಿಪ್ಪಣಿ ಕಡ್ಲಿ ಕಾಯಿಕೊರಕ ಹುಳದ ಮ್ಯಾಲೆ ಬರದಿದ್ದೆ. ಈ ಸಲ ಹುಳದ ಸುದ್ದಿ ಬಿಟ್ಟು ಹಾಡಿನ ಸುದ್ದಿ ಬರೀತೀನಿ. ಹೊಲದ ಪುಟದಾಗ ಹಾಡು ಯಾಕ ಅಂತ ಕೇಳಬ್ಯಾಡ್ರಿ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ನೀರು ಹಾಯಿಸಾಕ ಹೋದ್ರ, ಗೋವಿನಜೋಳಕ್ಕ ಹಂದಿ ಕಾಯಾಕ ಅಟ್ಟ ಏರಿ ಕುಂತ್ರ, ಟ್ರ್ಯಾಕ್ಟರ್ ಹೊಡಿಯಾಕತ್ರ, ನಮ್ಮೆಲ್ಲರ ಕಿಸೆದಾಗೂ ಫೋನ್ ಹಾಡ್ತಿರತೈತಿ. ಹಾಡು ಇಲ್ಲದ ಹೊಲ ಈಗ ಯಾವ್ದೂ ಇಲ್ಲ.

ಆದ್ರ ಒಂದು ಗಮನಿಸ್ರಿ. ವರ್ಷಗಟ್ಟಲೆ ಅದ ಇಪ್ಪತ್ತು ಹಾಡು ಕೇಳ್ತೀವಿ. ಒಂದು ಮುಗಿದ ಮ್ಯಾಲೆ ಫೋನ್ ತಾನ ಇನ್ನೊಂದು ಹಚ್ಚತೈತಿ, ಅದೂ ನಿನ್ನೆ ಕೇಳಿದ್ದ ಇರತೈತಿ. ಹೊಸಾದು ಬೇಕಂದ್ರ ಏನಂತ ಹುಡುಕಬೇಕು? ಹೆಸರು ಗೊತ್ತಿದ್ರ ಹುಡುಕಬಹುದು. ಗೊತ್ತೇ ಇಲ್ಲದ ಹೆಸರನ್ನ ಟೈಪ್ ಮಾಡೋದು ಹೆಂಗ?

ಮೊದಲು ಇಷ್ಟು ತ್ರಾಸ ಇರಲಿಲ್ಲ. ಧಾರವಾಡ ಆಕಾಶವಾಣಿ 1950ರಲ್ಲಿ ಶುರು ಆತು. ರೇಡಿಯೋದಾಗ ಹಾಡೋರ ಹೆಸರು, ರಾಗದ ಹೆಸರು, ತಬಲಾ ಯಾರು, ಹಾರ್ಮೋನಿಯಂ ಯಾರು ಎಲ್ಲಾ ಹೇಳ್ತಿದ್ರು. ಕೇಳಿ ಕೇಳಿ ಒಂದು ಹೆಸರಿಗೆ ಇನ್ನೊಂದು ಹೆಸರು ಗಂಟು ಬೀಳ್ತಿತ್ತು. ಆಮ್ಯಾಲೆ ಕ್ಯಾಸೆಟ್ ಅಂಗಡಿ ಬಂದ್ವು. ಸಂತಿ ದಿವಸ ಹೋಗಿ ಒಂದು ಕ್ಯಾಸೆಟ್ ಕೇಳಿದ್ರ ಅಂಗಡ್ಯಾವ, "ಇದು ನಿಮಗ ಸೇರಿತಂದ್ರ ಇದನ್ನೂ ಒಯ್ದು ನೋಡ್ರಿ" ಅಂತ ಇನ್ನೊಂದು ತೆಗೆದು ಕೈಗೆ ಕೊಡ್ತಿದ್ದ. ಅವನ ತಲಿಯೊಳಗ ಒಂದು ನಕ್ಷೆ ಇತ್ತು. ಯಾವ ಹಾಡುಗಾರರ ಬಾಜೂಕ ಯಾರು ಅದಾರ ಅನ್ನೋದು ಅವನಿಗೆ ಬಾಯಿಪಾಠ. ಈಗ ಆ ಅಂಗಡಿ ಮುಚ್ಚ್ಯಾವ. ಆ ನಕ್ಷೆಯನ್ನ ಕಂಪ್ಯೂಟರಿನವರು ಮಾಡ್ಯಾರ.

ನನ್ನ ಮಗಳು ಪುಣೆಯೊಳಗ ಕೆಲಸ ಮಾಡ್ತಾಳ. ಎಳ್ಳಮಾಸಿಗೆ ಊರಿಗೆ ಬಂದಿದ್ಳು. ಹೊಲದಾಗ ಚರಗ ಚೆಲ್ಲಿ, ಊಟ ಮುಗಿಸಿ ಬನ್ನಿ ಗಿಡದ ಬುಡಕ್ಕ ಕುಂತಾಗ, "ಅಪ್ಪಾ, ನಿನಗ ಸೇರೋ ಹಾಡುಗಾರರ ಹೆಸರು ಒಂದು ಹೇಳು" ಅಂದ್ಳು. ಭೀಮಸೇನ ಜೋಶಿಯವರು ಅಂದೆ. ಹೆಸರು ಟೈಪ್ ಮಾಡಿದ ಕೂಡ್ಲೆ ಪರದೆ ನಡುವ ಅವರ ಹೆಸರು ನಿಂತಿತು. ಸುತ್ತ ಬ್ಯಾರೆ ಬ್ಯಾರೆ ಹಾಡುಗಾರರ ಹೆಸರು ತೇಲಿಕೋತ ಬಂದು, ಒಂದಕ್ಕೊಂದು ನೂಕ್ಯಾಡಿ, ಸಂತಿಯೊಳಗ ಜನ ಜಾಗ ಹಿಡಿದಂಗ ಒಂದೊಂದು ಕಡೆ ನಿಂತ್ವು. ಇದಕ್ಕ ಮ್ಯೂಸಿಕ್ ಮ್ಯಾಪ್ ಅಂತಾರ. ಜರ್ಮನಿಯ ಹ್ಯಾಂಬರ್ಗ್ ಊರಿನ ಮಾರೆಕ್ ಗಿಬ್ನಿ ಅನ್ನೋವರು ಮಾಡಿದ್ದು. ರೊಕ್ಕ ಕೊಡಬೇಕಾಗಿಲ್ಲ.

ಇದನ್ನ ಓದೋದು ಸರಳ. ನಡುವಿನ ಹೆಸರಿಗೆ ಯಾವ ಹೆಸರು ಹತ್ತಿರ ಐತೋ ಅದು ನಿಮಗೂ ಸೇರೋ ಸಂಭವ ಹೆಚ್ಚು, ದೂರ ಇದ್ದದ್ದು ಕಡಿಮೆ. ಸುತ್ತಲಿನ ಯಾವ ಹೆಸರನ್ನ ಒತ್ತಿದ್ರೂ ಅದು ನಡುವ ಬಂದು, ಅದರ ಸುತ್ತ ಹೊಸ ಹೆಸರು ಕೂಡತಾವ. ಹಂಗ ಬದುವಿನಿಂದ ಬದುವಿಗೆ ನಡದಂಗ ನಡಕೋತ ಹೋಗಬಹುದು.

ಇದು ಸಂಗೀತ ಕೇಳಿ ಮಾಡಿದ ನಕ್ಷೆ ಅಲ್ರಿ, ಜನ ಹೇಳಿದ್ದನ್ನ ಕೂಡಿಸಿ ಮಾಡಿದ್ದು. ನಿಮಗ ಸೇರೋ ಮೂರು ಹೆಸರು ಹೇಳ್ರಿ ಅಂತ ಅದು ಬಂದವರನ್ನ ಕೇಳತೈತಿ. ಬಹಳ ಮಂದಿ ಎರಡು ಹೆಸರನ್ನ ಒಟ್ಟಿಗೆ ಹೇಳಿದ್ರ ಆ ಎರಡು ಹೆಸರು ಹತ್ತಿರ ಬರತಾವ. ಗೊಬ್ಬರದ ಅಂಗಡ್ಯಾವ ತನ್ನ ವಹಿ ತೆಗೆದು, ಈ ಬೀಜ ಒಯ್ದವರು ಈ ಔಷಧನೂ ಒಯ್ದಾರ ಅಂತ ಹೇಳಿದಂಗ. ಅವನ ವಹಿಯೊಳಗ ಖರೀದಿ ಲೆಕ್ಕ ಐತಿ. ನಿಮ್ಮ ಹೊಲದ ಮಣ್ಣು ಎಂಥಾದ್ದು ಅನ್ನೋದು ಆ ವಹಿಯೊಳಗ ಇಲ್ಲ.

ಇನ್ನೊಂದು ದೊಡ್ಡ ನಕ್ಷೆನೂ ಮಗಳು ತೋರಿಸಿದ್ಳು. ಎವ್ರಿ ನಾಯ್ಸ್ ಅಟ್ ಒನ್ಸ್ ಅಂತ ಹೆಸರು. ಗ್ಲೆನ್ ಮೆಕ್‌ಡೊನಾಲ್ಡ್ ಅನ್ನೋವರು ಸ್ಪಾಟಿಫೈ ಕಂಪನಿಯ ಲೆಕ್ಕ ಇಟ್ಕೊಂಡು ಮಾಡಿದ್ದು. ಜಗತ್ತಿನ ಆರು ಸಾವಿರದಷ್ಟು ಹಾಡಿನ ಪ್ರಕಾರಗಳನ್ನ ಒಂದ ಪುಟದಾಗ ಜೋಳ ತೂರಿದಂಗ ಚೆಲ್ಯಾರ. ಕೆಳಗ ಬಂದಷ್ಟು ಕೈಯಿಂದ ಬಾರಿಸೋ ವಾದ್ಯದ ಸಂಗೀತ, ಮ್ಯಾಲೆ ಹೋದಷ್ಟು ಮಷೀನಿನ ಸಂಗೀತ. ಎಡಕ್ಕ ದಟ್ಟ ಆಗಿ ಹರಡಿಕೊಳ್ಳೋ ದನಿ, ಬಲಕ್ಕ ಕುಣಿಸೋ ದನಿ. ಒಂದು ಹೆಸರು ಒತ್ತಿದ್ರ ಅದರ ತುಣುಕು ಕೇಳಸತೈತಿ. 2023ರ ಡಿಸೆಂಬರಿನಲ್ಲಿ ಕಂಪನಿ ಮಂದಿಯನ್ನ ಕಡಿಮಿ ಮಾಡಿದಾಗ ಇವರ ಕೆಲಸನೂ ಹೋತು. ಅವತ್ತಿನಿಂದ ನಕ್ಷೆಗೆ ಹೊಸ ಲೆಕ್ಕ ಸೇರೋದು ನಿಂತಿತು. ಒಂದು ಕಂಪನಿಯ ಲೆಕ್ಕದ ಮ್ಯಾಲೆ ನಿಂತ ನಕ್ಷೆಗೆ ಆ ಕಂಪನಿ ನೀರು ಬಿಟ್ಟಷ್ಟು ದಿನ ಜೀವ.

ನಾನು ಒಂದು ವಾರ ಮ್ಯೂಸಿಕ್ ಮ್ಯಾಪ್ ಹಿಡಕೊಂಡು ಅಡ್ಡಾಡಿದೆ. ಉಪಯೋಗ ಆತು. ಆದ್ರ ದೊಡ್ಡ ಹೆಸರಿನ ಸುತ್ತ ದೊಡ್ಡ ಹೆಸರ ಹೆಚ್ಚು ಬರತಾವ. ಅದಕ್ಕ ಕಾರಣ ಲೆಕ್ಕದಾಗ ಐತಿ. ಹತ್ತು ಸಾವಿರ ಮಂದಿ ಹೇಳಿದ ಹೆಸರಿಗೆ ಜೋಡಿ ಸಿಗೋದು ಸರಳ. ಹತ್ತ ಮಂದಿ ಹೇಳಿದ ಹೆಸರಿಗೆ ಜೋಡಿ ಎಲ್ಲಿಂದ ಬರಬೇಕು? ಯಾರೂ ಹೇಳದ ಹೆಸರಿಗೆ ಜಾಗನ ಇಲ್ಲ. ಎಲ್ಲಾರೂ ಒಂದ ಹೈಬ್ರಿಡ್ ಬಿತ್ತಿದ್ರ ಅಂಗಡಿಯಾಗ ಅದ ಬೀಜ ಬರತೈತಿ, ಜವಾರಿ ಬೀಜ ಕೇಳೋರಿಲ್ಲದ ಹೋಗತೈತಿ. ಅದ ಹಣೆಬರಹ ಹಾಡಿಗೂ ಬರಬಾರದು.

ಅದಕ್ಕ ನಾನು ಹೋದ ವರ್ಷದ ಕ್ಯಾಲೆಂಡರ್ ಹಾಳಿ ಬೆನ್ನಿಗೆ ನನ್ನದ ಒಂದು ನಕ್ಷೆ ಬರೆಯಾಕ ಕುಂತೆ. ಕಂಪ್ಯೂಟರ್ ನಕ್ಷೆದಾಗ ಗೆರೆ ಅಂದ್ರ "ಇವರನ್ನ ಕೇಳೋರು ಅವರನ್ನೂ ಕೇಳ್ತಾರ". ನನ್ನ ನಕ್ಷೆದಾಗ ಗೆರೆ ಅಂದ್ರ "ಇವರು ಅವರ ಕಡೆ ಕಲ್ತಾರ". ಹಿಂದುಸ್ತಾನಿ ಸಂಗೀತಕ್ಕ ಈ ಗೆರೆ ಬಹಳ ಚೊಲೋ ಕೂಡತೈತಿ. ಘರಾಣೆ ಅಂದ್ರ ಅದ: ಒಂದು ಹಾಡೋ ರೀತಿ, ಗುರುವಿನಿಂದ ಶಿಷ್ಯನಿಗೆ ಇಳಿದು ಬಂದದ್ದು.

ಮೊದಲ ಹೆಸರು ಭೀಮಸೇನ ಜೋಶಿ. 1922ರಲ್ಲಿ ಹುಟ್ಟಿದ್ದು, ಬೆಳೆದದ್ದು ಗದಗಿನಲ್ಲಿ. ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿ ಹುಚ್ಚು ಹತ್ತಿ, ಹನ್ನೊಂದನೇ ವಯಸ್ಸಿಗೆ ಗುರುವನ್ನ ಹುಡುಕ್ಕೋತ ಮನಿ ಬಿಟ್ಟು ಹೋದವರು. ಎಲ್ಲೆಲ್ಲೋ ತಿರುಗಿ ಕಡೀಕ ಗುರು ಸಿಕ್ಕಿದ್ದು ಮನಿಯ ಹತ್ತಿರ, ಕುಂದಗೋಳದಾಗ: ಸವಾಯಿ ಗಂಧರ್ವರು. ಅವರ ಮನಿ ಹೆಸರು ರಾಮಭಾವು ಕುಂದಗೋಳಕರ, 1886ರಿಂದ 1952. ಅವರ ಗುರು ಅದ ಅಬ್ದುಲ್ ಕರೀಂ ಖಾನರು. ಉತ್ತರ ಪ್ರದೇಶದ ಕೈರಾನಾ ಊರಿನವರು. ಆ ಊರಿನ ಹೆಸರಿನಿಂದ ಕಿರಾನಾ ಘರಾಣೆ ಅನ್ನೋ ಹೆಸರು. ಹುಡುಗನ್ನ ಮನಿ ಬಿಡಿಸಿದ ದನಿ ಯಾರದ್ದೋ, ಅವರ ಶಿಷ್ಯನ ಮನಿಗೇ ಹುಡುಗ ಬಂದು ಮುಟ್ಟಿದ. ಹಾಳಿ ಮ್ಯಾಲೆ ಗೆರೆ ಎಳೆದಾಗ ಇದು ಕಣ್ಣಿಗೆ ಕಾಣತೈತಿ.

ಇನ್ನ ಸವಾಯಿ ಗಂಧರ್ವರಿಂದ ಕೆಳಗ ಇಳೀರಿ. ಬಾಜೂಕ ಗಂಗೂಬಾಯಿ ಹಾನಗಲ್. ಹುಬ್ಬಳ್ಳಿಯಿಂದ ಕುಂದಗೋಳಕ್ಕ ರೈಲು ಹತ್ತಿ ಪಾಠಕ್ಕ ಹೋಗ್ತಿದ್ರು. ಗಂಟಲಿನ ಚಿಕಿತ್ಸೆ ಆದ ಮ್ಯಾಲೆ ಅವರ ದನಿ ಗಂಡುದನಿಯಂಗ ಭಾರ ಆತು. ನಾವು ಕೇಳಿದ್ದು ಆ ದನಿ. ಅದಕ್ಕಿಂತ ಮೊದಲಿನ ರೆಕಾರ್ಡುಗಳ ಮ್ಯಾಲೆ ಗಾಂಧಾರಿ ಅಂತ ಹೆಸರು ಹಾಕಿದ್ರು. ಆ ಹೆಸರು ಗೊತ್ತಾದ ಮ್ಯಾಲೆ ಹುಡುಕಿ ಕೇಳಿದೆ. ಬ್ಯಾರೆ ಹೆಣ್ಣುಮಗಳು ಹಾಡಿದಂಗ ತೆಳ್ಳನ ದನಿ. ಅದ ಮನುಷ್ಯಾ, ಅದ ವಿದ್ಯೆ, ಬ್ಯಾರೆ ಕೊರಳು. ಇನ್ನೊಬ್ಬ ಶಿಷ್ಯರು ಫಿರೋಜ್ ದಸ್ತೂರ್, ಮುಂಬೈ ಪಾರ್ಸಿ ಮಂದಿ, ಸಿನಿಮಾದಾಗೂ ನಟನೆ ಮಾಡ್ಯಾರ. ಭೀಮಸೇನರು, ಗಂಗೂಬಾಯಿ, ದಸ್ತೂರರು ಮೂವರನ್ನೂ ಒಂದ ರಾತ್ರಿ ಒಂದ ರಾಗದಾಗ ಕೇಳ್ರಿ. ಒಂದ ಚೀಲದ ಬೀಜ ಮೂರು ಥರದ ಭೂಮಿಯೊಳಗ ಬಿದ್ದದ್ದು ಗೊತ್ತಾಗತೈತಿ.

ಮತ್ತ ಮ್ಯಾಲೆ ಹತ್ತಿ, ಕರೀಂ ಖಾನರಿಂದ ಇನ್ನೊಂದು ಕಾಲುವಿ ಹಿಡೀರಿ. ಹೀರಾಬಾಯಿ ಬಡೋದೇಕರ್ ಅವರ ಮಗಳು. ಹೀರಾಬಾಯಿ ಮತ್ತು ಅವರ ಅಣ್ಣ ಸುರೇಶಬಾಬು ಮಾನೆ ಇಬ್ಬರ ಕಡೆ ಕಲ್ತವರು ಪ್ರಭಾ ಅತ್ರೆ. ಇನ್ನೊಂದು ಗೆರೆ ರೋಶನ್ ಆರಾ ಬೇಗಂ. ಅವರೂ ಕರೀಂ ಖಾನರ ಕಡೆ ಕಲ್ತವರು. ದೇಶ ಇಬ್ಭಾಗ ಆದ ಮ್ಯಾಲೆ ಪಾಕಿಸ್ತಾನಕ್ಕ ಹೋದ್ರು, ಅಲ್ಲಿನ ಲಾಲಾಮೂಸಾ ಊರಿನಾಗ ನೆಲಿ ನಿಂತ್ರು. ಇಂಥಾ ಹೆಸರು ನಾನು ಐವತ್ತು ದಾಟಿದ ಮ್ಯಾಲೆ ಮೊದಲ ಸಲ ಕೇಳಿದ್ದು. ರಾತ್ರಿ ಒಂದು ಗಂಟೆಗೆ ಮೆಣಸಿನಗಿಡಕ್ಕ ನೀರು ಬಿಟ್ಟು ಬದುವಿನ ಮ್ಯಾಲೆ ಕುಂತು ಅವರ ತಾನು ಕೇಳಿದೆ. ಗಡಿಯ ಆಚೆ ಒಬ್ಬ ಹೆಣ್ಣುಮಗಳು ಹಾಡ್ಯಾಳ, ಅವರ ವಿದ್ಯೆದ ಬೇರು ನಮ್ಮ ಕುಂದಗೋಳದ ಬೇರಿಗೆ ಹತ್ತೈತಿ. ಸರ್ವೆ ನಂಬರು ಬ್ಯಾರೆ ಆದ್ರೂ ಅಂತರ್ಜಲ ಒಂದ.

ಎರಡನೇ ಕಾಲುವಿ ಮನಸೂರದಿಂದ ಹೊರಡತೈತಿ. ಮಲ್ಲಿಕಾರ್ಜುನ ಮನಸೂರರ ತಂದೆ ಭೀಮರಾಯಪ್ಪನವರು ಒಕ್ಕಲುತನದವರು, ಧಾರವಾಡದ ಹತ್ತಿರದ ಮನಸೂರ ಊರಿನ ಗೌಡಕಿ ಮಾಡಿದವರು. ಅಂದ್ರ ನಮ್ಮಂಥ ರೈತರ ಮನಿ. ಮಗ ಮೊದಲು ಕರ್ನಾಟಕ ಸಂಗೀತ ಕಲ್ತು, ಆಮ್ಯಾಲೆ ಮಿರಜಿನ ನೀಲಕಂಠಬುವಾ ಅವರ ಕಡೆ ಗ್ವಾಲಿಯರ್ ರೀತಿ ಕಲ್ತು, ಅದಾದ ಮ್ಯಾಲೆ ಮುಂಬೈಯಲ್ಲಿ ಮಂಜಿಖಾನರ ಕಡೆ ಹೋದ್ರು. ಮಂಜಿಖಾನರು 1937ರಲ್ಲಿ ತೀರಿಕೊಂಡ ಮ್ಯಾಲೆ ಅವರ ತಮ್ಮ ಬುರ್ಜಿಖಾನರ ಕಡೆ ಮುಂದುವರಿಸಿದ್ರು. ಇಬ್ಬರೂ ಜೈಪುರ-ಅತ್ರೌಲಿ ಘರಾಣೆ ಕಟ್ಟಿದ ಅಲ್ಲಾದಿಯಾ ಖಾನರ ಮಕ್ಕಳು. ಕಿರಾನಾದವರು ಒಂದೊಂದ ಸ್ವರ ನಿಧಾನ ಹಿಗ್ಗಿಸಿಕೋತ ಹೋಗ್ತಾರ. ಜೈಪುರದವರು ಅಪರೂಪದ ರಾಗ, ಎರಡು ರಾಗ ಕೂಡಿಸಿದ ಜೋಡ ರಾಗ ಹಿಡದು, ತಾಳಕ್ಕ ಹೆಣಕೊಂಡು ಸುತ್ತಿ ಸುತ್ತಿ ಹಾಡ್ತಾರ. ಮನಸೂರರ ಆತ್ಮಕಥೆ 'ನನ್ನ ರಸಯಾತ್ರೆ' ಕನ್ನಡದಾಗ ಐತಿ. ಓದ್ರಿ, ಅದರೊಳಗ ಒಂದೊಂದು ಹೆಸರೂ ನಕ್ಷೆಯ ಒಂದೊಂದು ಚುಕ್ಕಿ.

ಅಲ್ಲಾದಿಯಾ ಖಾನರಿಂದ ಇನ್ನೊಂದು ಕಡೆ ಇಳಿದ್ರ ಕೇಸರಬಾಯಿ ಕೇರ್ಕರ್, ಮೊಗೂಬಾಯಿ ಕುರ್ಡೀಕರ್ ಸಿಗ್ತಾರ, ಇಬ್ಬರೂ ಗೋವಾದವರು. ಮೊಗೂಬಾಯಿಯವರ ಮಗಳು ಕಿಶೋರಿ ಅಮೋಣಕರ್. ಕೇಸರಬಾಯಿಯವರ ಒಂದು ರೆಕಾರ್ಡನ್ನ ಅಮೆರಿಕದವರು 1977ರಲ್ಲಿ ವಾಯೇಜರ್ ನೌಕೆಯೊಳಗ ಹಾಕಿ ಆಕಾಶಕ್ಕ ಬಿಟ್ಟಾರ. ಅದು ಈಗ ಸೂರ್ಯನ ಗ್ರಹಗಳನ್ನೆಲ್ಲಾ ದಾಟಿ ಹೋಗೈತಿ. ಮನಸೂರ ಊರಿನ ರೈತನ ಮಗ ಕಲ್ತ ವಿದ್ಯೆದ ಒಂದು ಟೊಂಗಿ ಅಲ್ಲಿಗೂ ಮುಟ್ಟೈತಿ ಅನ್ನೋದು ತಿಳಿದು ನನಗ ಬಹಳ ಹಿಗ್ಗಾತು.

ಮೂರನೇದು ಗದಗ. ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು, ವೀರೇಶ್ವರ ಪುಣ್ಯಾಶ್ರಮ. ಅವರ ಶಿಷ್ಯರು ಪುಟ್ಟರಾಜ ಗವಾಯಿಗಳು, ಅರ್ಜುನಸಾ ನಾಕೋಡ, ಬಸವರಾಜ ರಾಜಗುರು. ಪುಟ್ಟರಾಜರ ಶಿಷ್ಯರು ಎಂ. ವೆಂಕಟೇಶಕುಮಾರ, ಇವತ್ತಿಗೂ ಹಾಡ್ತಾರ. ಕುಂದಗೋಳ ತಾಲೂಕಿನ ಯಲಿವಾಳದ ರಾಜಗುರು ಅವರದ್ದ ಒಂದು ಮಜಾ. ಅವರಿಂದ ಗೆರೆ ಎಳದ್ರ ಒಂದು ಗದಗಿಗೆ ಹೋಗತೈತಿ, ಒಂದು ಸವಾಯಿ ಗಂಧರ್ವರಿಗೆ, ಒಂದು ಸುರೇಶಬಾಬು ಮಾನೆಯವರಿಗೆ, ಇನ್ನೂ ಎಷ್ಟೋ ಉಸ್ತಾದರಿಗೆ. ಒಬ್ಬರ ಹತ್ತಿರ ಎಲ್ಲಾ ಕಾಲುವಿ ನೀರು. ಹಿಂಗ ಎರಡು ಮೂರು ಗೆರೆ ಕೂಡೋ ಹೆಸರು ಸಿಕ್ರ ಮೊದಲು ಅವರನ್ನ ಕೇಳ್ರಿ. ಅಲ್ಲಿಂದ ಯಾವ ಕಡೆ ಬೇಕಾದ್ರೂ ಹೋಗಾಕ ಬರತೈತಿ.

ಹಾಳಿ ಮ್ಯಾಲೆ ಈ ಊರುಗಳ ಹೆಸರು ಬರೆದು ನೋಡಿದೆ. ಮನಸೂರ, ಕುಂದಗೋಳ, ಯಲಿವಾಳ, ಹುಬ್ಬಳ್ಳಿ, ಗದಗ, ಬೆಳಗಾವಿ ಹತ್ತಿರದ ಸುಳೇಭಾವಿ, ಮ್ಯಾಲೆ ಮಿರಜ. ಎಲ್ಲಾ ಒಂದು ದಿವಸದ ಬಸ್ಸಿನ ಹಾದಿ. ಬ್ರಿಟಿಷರ ಕಾಲದಾಗ ಹಾಕಿದ ರೈಲು ಹಾದಿ ಪುಣೆ, ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಹಿಡಕೊಂಡು ಬರತೈತಿ. ಮೈಸೂರು ಅರಮನಿಗೆ ಹೊಂಟ ಉಸ್ತಾದರು ಈ ಹಾದಿ ಮ್ಯಾಲೆ ಇಳೀತಿದ್ರು, ನಾಟಕ ಕಂಪನಿಗಳೂ ಇದ ಹಾದಿಯಾಗ ತಿರುಗ್ತಿದ್ವು. ಕಾಲುವಿ ಬಂದ ಕಡೆ ಗದ್ದಿ ಆದಂಗ, ರೈಲು ಬಂದ ಕಡೆ ಹಾಡು ಬೆಳೀತು.

ಮಿರಜದ ಮಾತು ಬಂತು, ರೈತರಿಗೆ ಒಂದು ವಿಷಯ ಹೇಳಿ ಮುಂದ ಹೋಗ್ತೀನಿ. ತಂಬೂರಿ, ಸಿತಾರ ಮಾಡೋದ್ರಾಗ ಮಿರಜ ಹೆಸರುವಾಸಿ. 2024ರಲ್ಲಿ ಮಿರಜದ ಸಿತಾರ, ತಂಬೂರಿಗೆ ಜಿಐ ಮಾನ್ಯತೆ ಸಿಕ್ಕೈತಿ. ತಂಬೂರಿಯ ಕೆಳಗಿನ ದುಂಡನ ಬುರುಡಿ ಮರದ್ದಲ್ರಿ, ಸೋರಿ ಜಾತಿಯ ಕಾಯಿ. ಪಂಢರಾಪುರದ ಕಡೆಯ ರೈತರು ಬೆಳೀತಾರ. ಚೊಲೋ ಬಲಿತ ಮ್ಯಾಲೆ ಒಣಗಿಸಿ, ಒಳಗಿನ ತಿರುಳು ತೆಗೆದು ವಾದ್ಯ ಮಾಡ್ತಾರ. ಇಷ್ಟು ದೊಡ್ಡ ದೊಡ್ಡವರೆಲ್ಲಾ ಒಬ್ಬ ರೈತ ಬೆಳೆದ ಕಾಯಿಯ ದನಿಗೆ ತಮ್ಮ ದನಿ ಕೂಡಿಸಿ ಹಾಡ್ಯಾರ.

ಈಗ ನಾಲ್ಕನೇ ಗೆರೆ. ಇದಕ್ಕಾಗಿನ ನಾನು ಇಷ್ಟುದ್ದ ಬರದದ್ದು. ಸುಳೇಭಾವಿಯೊಳಗ 1924ರಲ್ಲಿ ಹುಟ್ಟಿದ ಶಿವಪುತ್ರಯ್ಯ ಕೊಂಕಾಳಿಮಠ ಅವರು ಮುಂದ ಕುಮಾರ ಗಂಧರ್ವ ಅಂತ ಹೆಸರಾದ್ರು. ಮುಂಬೈಯಲ್ಲಿ ಬಿ.ಆರ್. ದೇವಧರ ಅವರ ಕಡೆ ಕಲ್ತ್ರು. ಕ್ಷಯರೋಗ ಬಂದು ಮಧ್ಯಪ್ರದೇಶದ ದೇವಾಸದಾಗ ವರ್ಷಗಟ್ಟಲೆ ಹಾಡದಂಗ ಹಾಸಿಗಿ ಹಿಡದ್ರು. ಆವಾಗ ಅವರು ಕಿವಿಗೊಟ್ಟು ಕೇಳಿದ್ದು ಮಾಳವದ ಹಳ್ಳಿ ಮಂದಿಯ ಪದಗಳನ್ನ. ಎದ್ದ ಮ್ಯಾಲೆ ಅದ ಧಾಟಿಗಳಿಂದ ಹೊಸ ರಾಗ ಕಟ್ಟಿದ್ರು. ಕುಮಾರರ ಹೆಸರು ಎಲ್ಲಾ ನಕ್ಷೆದಾಗ ಐತಿ. ಅವರ ಕಿವಿಗೆ ಪದ ಹಾಕಿದ ಹಳ್ಳಿ ಮಂದಿ ಹೆಸರು?

ನಮ್ಮ ಕಡೆಗೂ ಅದ ಮಾತು. ಶಿಶುನಾಳ ಶರೀಫಜ್ಜನ ಪದ ಇವತ್ತು ಎಲ್ಲಾರ ಬಾಯಾಗ ಅದಾವ. ನಾಡಿಗೆಲ್ಲಾ ಮುಟ್ಟಿಸಿದ್ರಾಗ ಸಿ. ಅಶ್ವಥ್ ಅವರ ಪಾಲು ದೊಡ್ಡದು. ಆದ್ರ ಕ್ಯಾಸೆಟ್ಟಿನ ಧಾಟಿ ಬರೋಕ್ಕಿಂತ ಮೊದಲಿಂದನೂ ನಮ್ಮ ಭಜನಿ ಮ್ಯಾಳದವರು ಏಕತಾರಿ, ದಮ್ಮಡಿ ಹಿಡದು ತಮ್ಮ ತಮ್ಮ ಧಾಟಿಯಾಗ ಹಾಡ್ಕೋತ ಬಂದಾರ. ಒಂದ ಪದಕ್ಕ ಊರಿಗೊಂದು ಧಾಟಿ. ಫೋನಿನಾಗ ಆ ಪದ ಹುಡುಕಿದ್ರ ಒಂದ ಧಾಟಿ ನೂರು ಮಂದಿ ಹಾಡಿದ್ದು ಬರತೈತಿ. ನಮ್ಮ ಊರಿನ ಧಾಟಿ ಬರೋದಿಲ್ಲ, ಯಾಕಂದ್ರ ಅದನ್ನ ಯಾರೂ ಅಲ್ಲಿಗೆ ಹಾಕಿಲ್ಲ, ಯಾರೂ ಕೇಳಿಲ್ಲ.

ನಮ್ಮ ಬಾಜೂ ಊರಿನ ಮ್ಯಾಳದ ಹಿರ್ಯಾ ಹೋದ ಶ್ರಾವಣದಾಗ ತೀರಿಕೊಂಡ್ರು. ಅವರ ವಹಿ ಮಗನ ಹತ್ತಿರ ಐತಿ. ನಲವತ್ತಕ್ಕೂ ಹೆಚ್ಚು ಪದ, ಚೊಲೋ ಅಕ್ಷರದಾಗ ಬರದಾರ. ಆದ್ರ ಧಾಟಿ ವಹಿಯೊಳಗ ಇರೋದಿಲ್ಲಲ್ಲ. ಮಗ ಓದತಾನ, ಹಾಡಾಕ ಬರೋದಿಲ್ಲ. ಪದ ಐತಿ, ಹಾಡು ಹೋತು ಅಂತ ನಾವೆಲ್ಲಾ ತಿಳಿದಿದ್ವಿ.

ಕ್ಯಾಲೆಂಡರ್ ಹಾಳಿ ಮ್ಯಾಲೆ ಗುರು-ಶಿಷ್ಯರ ಗೆರೆ ಎಳೆಯೋ ರೂಢಿ ಹತ್ತಿತ್ತಲ್ಲ, ಒಂದು ಸೋಮವಾರ ಭಜನಿ ಮುಗಿದ ಮ್ಯಾಲೆ ನಮ್ಮ ಮ್ಯಾಳದ ಅಜ್ಜಾರನ್ನ ಕೇಳಿದೆ. ಅವರಿಗೆ ಎಂಬತ್ತು ದಾಟೈತಿ.

"ಅಜ್ಜಾರ, ನೀವು ಮತ್ತ ಆ ಊರಿನವರು ಇಬ್ಬರೂ ಯಾರ ಕಡೆ ಕಲ್ತಿದ್ರಿ?"

"ನಮ್ಮನ್ನ ಯಾರು ಕೇಳ್ತಾರ ತಮ್ಮಾ ಈಗ" ಅಂತ ನಕ್ಕು, ಹತ್ತು ನಿಮಿಷದಾಗ ನಾಲ್ಕು ಹೆಸರು ಹೇಳಿದ್ರು. ಒಬ್ಬ ಲಕ್ಷ್ಮೇಶ್ವರ ಕಡೆಯಿಂದ ಕುರಿ ಹೊಡಕೊಂಡು ಬರ್ತಿದ್ದ ಕುರುಬ. ಒಬ್ಬ ನಾಟಕ ಕಂಪನಿ ಬಿಟ್ಟು ಬಂದ ಪೇಟಿ ಮಾಸ್ತರ. ಒಬ್ಬ ಮಠದ ಅಯ್ಯನವರು. ನಾಲ್ಕನೇದ್ದು ಒಬ್ಬ ಹೆಣ್ಣುಮಗಳು, ಬೀಸೋ ಪದ ಹಾಡೋವ್ರು. "ತೀರಿಕೊಂಡಾವ ಅರ್ಧಕ್ಕರ್ಧ ಧಾಟಿ ತಗೊಂಡದ್ದು ಆ ಯವ್ವನ ಕಡೆ" ಅಂದ್ರು.

ಹಾಳಿ ಮ್ಯಾಲೆ ಆ ಯವ್ವನ ಹೆಸರು ಬರೆದು ಗೆರೆ ಎಳದೆ. ಗೆರೆ ಎಳೆದ ಮ್ಯಾಲೆ ಮುಂದಿನ ಪ್ರಶ್ನೆ ತಾನ ಬರತೈತಿ: ಆ ಯವ್ವನ ಕಡೆ ಇನ್ನ್ಯಾರು ಕಲ್ತಾರ? ಕೇಳ್ಕೋತ ಹೋದ್ರ ಅವರ ಮಗಳು ಹದಿನಾಲ್ಕು ಕಿಲೋಮೀಟರ್ ಆಚೆ ಊರಿಗೆ ಕೊಟ್ಟಾರ, ಎಪ್ಪತ್ತರ ಮ್ಯಾಲೆ ವಯಸ್ಸು, ಗಟ್ಟಿ ಅದಾರ. ಹೋದ ವಾರ ಆ ವಹಿ ಹಿಡಕೊಂಡು, ತೀರಿಕೊಂಡವರ ಮಗನ್ನೂ ಕರಕೊಂಡು ಬೈಕ್ ಮ್ಯಾಲೆ ಹೋದ್ವಿ. ಆ ಅವ್ವಾರಿಗೆ ಓದಾಕ ಬರೋದಿಲ್ಲ. ಮಗ ಒಂದೊಂದು ಪದದ ಮೊದಲ ನುಡಿ ಓದಿದ, ಅವರು ಜೋಳ ಹಸನ ಮಾಡ್ಕೋತ ಧಾಟಿ ಎತ್ತಿದ್ರು. ಒಂದಲ್ಲ, ಹದಿನೇಳು ಪದ. ನಾಲ್ಕನೇ ಪದಕ್ಕ ಆ ಹುಡುಗ ವಹಿ ಮುಚ್ಚಿ, "ಅಪ್ಪ ಹಿಂಗ ಹಾಡ್ತಿದ್ದ" ಅಂದ. ಫೋನಿನಾಗ ರೆಕಾರ್ಡ್ ಮಾಡಿಕೊಂಡ್ವಿ. ಇನ್ನ ಇಪ್ಪತ್ತಕ್ಕೂ ಹೆಚ್ಚು ಪದದ ಧಾಟಿ ಸಿಕ್ಕಿಲ್ಲ. ಅವು ಕುರುಬನ ಗೆರೆದಾಗ ಇರಬೇಕು ಅಂತ ಅಜ್ಜಾರ ಅಂದಾಜು.

ಹೊಸ ಹಾಡು ಹುಡುಕೋಕ ನಕ್ಷೆ ಅಂದ್ರ ಇದ ನೋಡ್ರಿ. ಕಂಪ್ಯೂಟರ್ ನಕ್ಷೆ ಕೇಳೋರನ್ನ ಹಿಡಕೊಂಡು ನಡೀತೈತಿ, ಅದರಿಂದ ನನಗ ದೂರದ ಹೆಸರು ಸಿಕ್ವು. ಕಲಿಸಿದವರನ್ನ ಹಿಡಕೊಂಡು ನಡದಾಗ ಲಾಲಾಮೂಸಾ ತನಕನೂ ಹೋದೆ, ಹದಿನಾಲ್ಕು ಕಿಲೋಮೀಟರ್ ಆಚೆ ಊರಿಗೂ ಹೋದೆ. ಮೊದಲಿನದ್ದನ್ನ ಯಾರಾದ್ರೂ ಮಾಡಿ ಕೊಡ್ತಾರ. ಎರಡನೇದ್ದನ್ನ ನಾವ ಬರೀಬೇಕು.

ಬರೆಯೋ ಕ್ರಮ ಹೇಳ್ತೀನಿ, ಕಷ್ಟ ಇಲ್ಲ.

ಒಂದು: ದೊಡ್ಡ ಹಾಳಿ ತಗೋರಿ, ನಡುವ ನಿಮಗ ಸೇರೋ ಒಂದ ಹೆಸರು ಬರೀರಿ. ಹಿಂದುಸ್ತಾನಿನ ಆಗಬೇಕಂತಿಲ್ಲ. ಡೊಳ್ಳಿನ ಪದ, ಗೀಗೀ ಪದ, ಪಾರಿಜಾತ, ಯಾವ್ದಾದ್ರೂ ನಡೀತೈತಿ.

ಎರಡು: ಕಲಿಸಿದವರಿಗೆ ಗಟ್ಟಿ ಗೆರೆ. ಬರೀ ಕೇಳಿ ಪ್ರಭಾವ ಆಗಿದ್ರ ಚುಕ್ಕಿ ಗೆರೆ. ಒಂದ ಊರಿನವರಿಗೆ ಸುತ್ತ ಒಂದು ಗುಂಡು ಎಳೀರಿ.

ಮೂರು: ಸಾಥಿ ಕೊಟ್ಟವರನ್ನ ಬಿಡಬ್ಯಾಡ್ರಿ. ಒಬ್ಬ ಹಾರ್ಮೋನಿಯಂದವರು ಹತ್ತು ಹಾಡುಗಾರರ ಬಾಜೂಕ ಕುಂತಿರ್ತಾರ. ನಮ್ಮ ಧಾರವಾಡ ಕಡೆಯ ವಸಂತ ಕನಕಾಪುರ ಅವರ ಹೆಸರು ಹಿಡದು ಹುಡುಕಿ ನೋಡ್ರಿ. ಗಂಗೂಬಾಯಿಯವರ ಹಿಂದ ಕುಂತು ದನಿ ಕೂಡಿಸ್ತಿದ್ದ ಅವರ ಮಗಳು ಕೃಷ್ಣಾ ಹಾನಗಲ್ ಅವರೂ ಅಂಥವರ.

ನಾಲ್ಕು: ಒಂದು ರಾತ್ರಿಗೆ ಒಂದ ಹೊಸ ಹೆಸರು. ಹಗಲು ಮನಿಯಾಗ ನೆಟ್‌ವರ್ಕ್ ಇದ್ದಾಗ ಇಳಿಸಿ ಇಟ್ಕೊಂಡ್ರ ಹೊಲದಾಗ ಡೇಟಾ ಖರ್ಚಾಗೋದಿಲ್ಲ. ಒಂದ ಕಿವಿಗೆ ಹಚ್ಚಿಕೋರಿ, ಇನ್ನೊಂದು ಕಿವಿ ಮೋಟಾರಿಗೆ ಮತ್ತ ಹಾವು ಹುಳಕ್ಕ ಇರಲಿ.

ಐದು: ಜೀವಂತ ಇದ್ದವರ ಹೆಸರಿಗೆ ಕೆಂಪು ಚುಕ್ಕಿ ಇಡ್ರಿ. ಅವರ ಮನಿಗೆ ಮೊದಲು ಹೋಗ್ರಿ, ಫೋನ್ ಚಾರ್ಜ್ ಮಾಡಿಕೊಂಡು ಹೋಗ್ರಿ, ಅವರ ಒಪ್ಪಿಗಿ ಕೇಳಿ ರೆಕಾರ್ಡ್ ಮಾಡ್ರಿ. ಹಾಡಿದ ಮ್ಯಾಲೆ, "ಇದನ್ನ ಯಾರ ಕಡೆ ಕಲ್ತ್ರಿ?" ಅಂತ ಒಂದು ಮಾತು ಕೇಳ್ರಿ. 

ಆಗಾಗ ಸೆಪ್ಟೆಂಬರ್ ಹೊತ್ತಿಗೆ ಕುಂದಗೋಳದ ನಾಡಿಗೇರ ವಾಡೇದಾಗ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯೆಲ್ಲಾ ಹಾಡೋ ಸಂಪ್ರದಾಯ ಐತಿ. ಪುಣೆಯೊಳಗ ಭೀಮಸೇನರು 1953ರಲ್ಲಿ ಶುರು ಮಾಡಿದ ಸವಾಯಿ ಗಂಧರ್ವ ಮಹೋತ್ಸವ ದೇಶಕ್ಕೆಲ್ಲಾ ಗೊತ್ತು. ವಾಡೇದ್ದು ನಮ್ಮ ಬಾಗಲಾಗ ಐತಿ. ಹೋಗಿ ಕೂಡ್ರಿ, ನಕ್ಷೆ ಮ್ಯಾಲಿನ ಹೆಸರು ಎದುರಿಗೆ ಕುಂತು ಹಾಡತೈತಿ.

ಕಡೀಕ ಒಂದು ಕೆಲಸ ಒಪ್ಪಸ್ತೀನಿ. ಕಡ್ಲಿ ರಾಶಿ ಶುರು ಆಗಾಕ ಇನ್ನ ಮೂರು ವಾರ ಐತಿ. ಅಷ್ಟರೊಳಗ ನಿಮ್ಮ ನಿಮ್ಮ ಊರಾಗ ಹಾಡೋ ಹಿರ್ಯಾರು ಯಾರದಾರ, ಅವರು ಯಾರ ಕಡೆ ಕಲ್ತಾರ, ಎರಡು ಹೆಸರು ತಿಳಕೊಂಡು ನನಗ ಮುಟ್ಟಿಸ್ರಿ. ಸಂತಿಯಾಗ ಸಿಕ್ಕಾಗ ಹೇಳಿದ್ರೂ ನಡೀತೈತಿ. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯವರು ಸ್ವಲ್ಪ ಹೆಚ್ಚು ವಿಚಾರಿಸ್ರಿ: ಅರವತ್ತು ವರ್ಷದ ಹಿಂದ ಬ್ಯಾಸಿಗಿಯಾಗ ಕುಂದಗೋಳ ಸೀಮಿಗೆ ಕುರಿ ತರುಬಾಕ ಬರ್ತಿದ್ದ, ಏಕತಾರಿ ಬಾರಿಸ್ತಿದ್ದ ಕುರುಬರ ಮನಿ ಯಾವ್ದು, ಅವರ ಮಕ್ಕಳು ಮೊಮ್ಮಕ್ಕಳೊಳಗ ಯಾರಿಗಾದ್ರೂ ಆ ಪದ ಬರತಾವೇನು. ನಮ್ಮ ಅಜ್ಜಾರು ಇರೋತನಕ ಧಾಟಿ ಹೌದೋ ಅಲ್ಲೋ ಅಂತ ಹೇಳಾಕ ಒಬ್ಬರು ಅದಾರ.